ಮಿಂಚುವಿನೊಂದಿಗೆ ಕಡಲು ದಾಟಿದ ಐದು ತಿಂಗಳು

ಇದನ್ನು ಬರೆಯುತ್ತಿರುವಾಗ ಮಿಂಚು ಹೊಸ ಮನೆಯ ಕಿಟಕಿಯ ಕೆಳಗೆ, ಬಿಸಿಲು ಬೀಳುವ ಜಾಗವನ್ನು ತಾನೇ ಹುಡುಕಿಕೊಂಡು ಮಲಗಿದ್ದಾಳೆ. ಅವಳನ್ನು ಇಲ್ಲಿಗೆ ಕರೆತಂದು ಇಂದಿಗೆ ಹನ್ನೊಂದು ದಿನವಾಯಿತು. ಕರೆತರುವ ಕೆಲಸ ಆರಂಭಿಸಿ ಸುಮಾರು ಐದು ತಿಂಗಳಾಯಿತು. ನಾಯಿಯೊಂದನ್ನು ಬೇರೆ ದೇಶಕ್ಕೆ ಕರೆದೊಯ್ಯುವುದೆಂದರೆ ಟಿಕೆಟ್‌ನೊಂದಿಗೆ ಒಂದು ಹೆಚ್ಚುವರಿ ಶುಲ್ಕ ಕಟ್ಟುವ ವಿಷಯವೆಂದು ನಾನು ಮೊದಲು ತಿಳಿದಿದ್ದೆ. ಕಾಗದಪತ್ರಗಳು ಬೇಕಾಗುತ್ತವೆ ಎಂಬುದೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಒಂದೇ: ಆ ಕಾಗದಗಳು ಎಷ್ಟಿವೆ ಎಂಬುದಕ್ಕಿಂತ ಯಾವುದು ಮೊದಲು, ಯಾವುದು ಆಮೇಲೆ, ಎರಡರ ನಡುವೆ ಎಷ್ಟು ದಿನ ಎಂಬುದೇ ಎಲ್ಲವನ್ನೂ ನಿರ್ಧರಿಸುತ್ತದೆ. ಎಲ್ಲ ಕಾಗದಗಳೂ ಸರಿಯಾಗಿದ್ದು, ಒಂದರ ದಿನಾಂಕ ಇನ್ನೊಂದರ ಹಿಂದೆ ಬಿದ್ದಿದ್ದರೆ ಎರಡೂ ವ್ಯರ್ಥವಾಗುತ್ತವೆ. ನಮಗೆ ಹಾಗೆಯೇ ಆಯಿತು, ಅದೂ ಒಂದಕ್ಕಿಂತ ಹೆಚ್ಚು ಸಲ. ಮುಂದೆ ಈ ದಾರಿಯಲ್ಲಿ ನಡೆಯುವವರಿಗೆ ಅದೇ ಕಷ್ಟ ಬರಬಾರದೆಂದು ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಹೇಳುತ್ತೇನೆ.

ಮಿಂಚು ಆರು ವರ್ಷದ ಮಿಶ್ರತಳಿಯ ಹೆಣ್ಣು ನಾಯಿ, ತೂಕ 24 ಕಿಲೋ. ಮರಿಯಾಗಿದ್ದಾಗಿನಿಂದ ನಮ್ಮ ಮನೆಯಲ್ಲಿಯೇ ಬೆಳೆದವಳು. ನನ್ನ ಪತಿಗೆ ಯುರೋಪಿಯನ್ ಒಕ್ಕೂಟದ ಒಂದು ದೇಶದಲ್ಲಿ ಕೆಲಸ ಸಿಕ್ಕಿದಾಗ, ಮಾರ್ಚ್ ಕೊನೆಗೆ ಮೂವರೂ ಒಟ್ಟಿಗೆ ಹೊರಡುವುದೆಂದು ತೀರ್ಮಾನಿಸಿದೆವು. ಜನವರಿಯ ಮೊದಲ ವಾರ ಅವಳ ಲಸಿಕೆಯ ಪುಸ್ತಕವನ್ನು ಹಿಡಿದು ಪಶುವೈದ್ಯರ ಬಳಿಗೆ ಹೋದೆ. ಸೆಪ್ಟೆಂಬರಿನಲ್ಲಿ ಹಾಕಿಸಿದ ರೇಬೀಸ್ ಲಸಿಕೆಗೆ ಇನ್ನೂ ಎಂಟು ತಿಂಗಳ ಅವಧಿ ಉಳಿದಿತ್ತು. ಆದ್ದರಿಂದ ಮೈಕ್ರೋಚಿಪ್ ಒಂದನ್ನು (ಚರ್ಮದ ಕೆಳಗೆ ಕೂರಿಸುವ, ಗುರುತಿನ ಸಂಖ್ಯೆಯಿರುವ ಚಿಕ್ಕ ಸಾಧನ) ಹಾಕಿಸಿ, ಪ್ರಮಾಣಪತ್ರ ಪಡೆದರೆ ಸಾಕೆಂದು ನಾನು ನಂಬಿದ್ದೆ. ವೈದ್ಯರು ಪುಸ್ತಕವನ್ನು ತಿರುವಿಹಾಕಿ, "ಮೇಡಂ, ಲಸಿಕೆ ಇದೆ, ಆದರೆ ಚಿಪ್ ಹಾಕುವ ಮೊದಲೇ ಹಾಕಿದ್ದು. ಅಲ್ಲಿಯವರು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ" ಎಂದರು.

ಇದರ ಹಿಂದಿನ ತರ್ಕ ಕೇಳಿದ ಮೇಲೆ ಸರಿ ಎನಿಸಿತು. ಲಸಿಕೆ ಹಾಕಿದ ದಿನ ಮೇಜಿನ ಮೇಲೆ ನಿಂತಿದ್ದ ನಾಯಿ ಇದೇ ಎಂಬುದಕ್ಕೆ ಚಿಪ್ಪಿನ ಸಂಖ್ಯೆಯೊಂದೇ ಸಾಕ್ಷಿ. ಚಿಪ್ ಇಲ್ಲದೆ ಹಾಕಿದ ಲಸಿಕೆ ಯಾವ ನಾಯಿಗೆ ಹಾಕಿದ್ದೆಂದು ಗಡಿಯಲ್ಲಿರುವ ಅಧಿಕಾರಿಗೆ ತಿಳಿಯುವ ಬಗೆಯಿಲ್ಲ. ಚಿಪ್ ಕೂಡ ಐಎಸ್‌ಒ 11784 ಮತ್ತು 11785 ಮಾನದಂಡದ್ದಾಗಿರಬೇಕು, ಅಂದರೆ 15 ಅಂಕಿಗಳ ಸಂಖ್ಯೆಯಿದ್ದು 134.2 ಕಿಲೋಹರ್ಟ್ಸ್ ತರಂಗದಲ್ಲಿ ಓದುವಂಥದ್ದಾಗಿರಬೇಕು. ಬೇರೆ ಬಗೆಯ ಹಳೆಯ ಚಿಪ್ ಇದ್ದರೆ ಅದನ್ನು ಓದುವ ಯಂತ್ರವನ್ನು ನಾವೇ ಜೊತೆಗೆ ಒಯ್ಯಬೇಕಾಗುತ್ತದೆ. ಜನವರಿ 6ರಂದು ಮಿಂಚುವಿಗೆ ಚಿಪ್ ಹಾಕಿ, ಯಂತ್ರದಲ್ಲಿ ಓದಿ ನೋಡಿ, ಅದರ ನಂತರವೇ ಹೊಸದಾಗಿ ರೇಬೀಸ್ ಲಸಿಕೆ ಹಾಕಿದರು. ಪುಸ್ತಕದಲ್ಲಿ ಚಿಪ್ಪಿನ ಸಾಲನ್ನು ಮೇಲೆ, ಲಸಿಕೆಯ ಸಾಲನ್ನು ಕೆಳಗೆ ಬರೆಸಿಕೊಂಡೆ. ಒಂದೇ ದಿನ ಎರಡನ್ನೂ ಮಾಡಿಸಬಹುದು, ಆದರೆ ದಾಖಲೆಯಲ್ಲಿ ಚಿಪ್ ಮುಂದೆ ಇರಬೇಕು.

ಅಲ್ಲಿಗೆ ಮುಗಿಯಲಿಲ್ಲ. ರೇಬೀಸ್ ಹತೋಟಿಯಲ್ಲಿದೆ ಎಂದು ಯುರೋಪಿಯನ್ ಒಕ್ಕೂಟ ಪಟ್ಟಿ ಮಾಡಿರುವ ದೇಶಗಳಿಂದ ಬರುವ ನಾಯಿಗೆ ಚಿಪ್, ಲಸಿಕೆ ಮತ್ತು ಮೊದಲ ಲಸಿಕೆಯ ನಂತರದ 21 ದಿನಗಳ ಕಾಯುವಿಕೆ ಸಾಕು. ಆ ಪಟ್ಟಿಯಲ್ಲಿಲ್ಲದ ದೇಶಗಳಿಂದ ಬರುವ ನಾಯಿಗೆ ರಕ್ತ ಪರೀಕ್ಷೆಯೂ ಆಗಬೇಕು. ಲಸಿಕೆ ಹಾಕಿ ಕನಿಷ್ಠ 30 ದಿನಗಳಾದ ಮೇಲೆ ರಕ್ತ ತೆಗೆದು, ಒಕ್ಕೂಟ ಮಾನ್ಯ ಮಾಡಿದ ಪ್ರಯೋಗಾಲಯಕ್ಕೆ ಕಳುಹಿಸಿ, ರೇಬೀಸ್ ವಿರುದ್ಧದ ಪ್ರತಿಕಾಯ ಪ್ರತಿ ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಯೂನಿಟ್‌ಗಿಂತ ಕಡಿಮೆಯಿಲ್ಲವೆಂದು ತೋರಿಸಬೇಕು. ಇದನ್ನೇ ಎಲ್ಲರೂ ಟೈಟರ್ ಪರೀಕ್ಷೆ ಎನ್ನುತ್ತಾರೆ. ಫಲಿತಾಂಶ ಎಷ್ಟೇ ಚೆನ್ನಾಗಿ ಬಂದರೂ, ರಕ್ತ ತೆಗೆದ ದಿನದಿಂದ ಮೂರು ತಿಂಗಳು ತುಂಬುವವರೆಗೆ ನಾಯಿ ಒಕ್ಕೂಟದ ನೆಲಕ್ಕೆ ಕಾಲಿಡುವಂತಿಲ್ಲ. ಮೂವತ್ತು ದಿನ, ಅದರ ಮೇಲೆ ಮೂರು ತಿಂಗಳು. ಜನವರಿ 6ರಿಂದ ಎಣಿಸಿದರೆ ಮೇ ತಿಂಗಳಿಗೆ ಮೊದಲು ಮಿಂಚು ಹೊರಡುವಂತೆಯೇ ಇರಲಿಲ್ಲ. ಸೆಪ್ಟೆಂಬರಿನಲ್ಲಿ ಲಸಿಕೆಗೆ ಮೊದಲು ಒಂದು ಚಿಪ್ ಹಾಕಿಸಿದ್ದರೆ ಒಂದು ತಿಂಗಳು ಉಳಿಯುತ್ತಿತ್ತು. ಆ ರಾತ್ರಿ ನಾನು ಪತಿಯೊಡನೆ ಹೆಚ್ಚು ಮಾತಾಡಲಿಲ್ಲ; ಇಬ್ಬರೂ ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಕ್ಯಾಲೆಂಡರಿನ ಹಾಳೆಗಳನ್ನು ತಿರುಗಿಸುತ್ತಿದ್ದೆವು. ಕೊನೆಗೆ ಅವರು ಮಾರ್ಚಿನಲ್ಲಿ ಹೋಗುವುದು, ನಾನು ಮೇ ತಿಂಗಳಲ್ಲಿ ಅವಳೊಂದಿಗೆ ಹೊರಡುವುದು ಎಂದಾಯಿತು.

ಇಲ್ಲಿ ಒಂದು ಮಾತು ಸೇರಿಸಬೇಕು. ಬೇರೆ ದೇಶಕ್ಕೆ ಹೋಗುವವರು ನಮ್ಮ ಲೆಕ್ಕವನ್ನು ಹಾಗೆಯೇ ತೆಗೆದುಕೊಳ್ಳಬಾರದು. ಜಪಾನ್ ತನ್ನ ಪಟ್ಟಿಯ ಹೊರಗಿನ ದೇಶಗಳಿಂದ ಬರುವ ನಾಯಿಗೆ ಎರಡು ರೇಬೀಸ್ ಲಸಿಕೆ, ಟೈಟರ್ ಪರೀಕ್ಷೆ ಮತ್ತು ರಕ್ತ ತೆಗೆದ ಮೇಲೆ 180 ದಿನಗಳ ಕಾಯುವಿಕೆಯನ್ನು ಕೇಳುತ್ತದೆ. ತಲುಪುವ 40 ದಿನ ಮೊದಲೇ ಅಲ್ಲಿನ ಪ್ರಾಣಿ ಕ್ವಾರಂಟೈನ್ ಸೇವೆಗೆ ತಿಳಿಸಿರಬೇಕು. ಆಸ್ಟ್ರೇಲಿಯಾಕ್ಕೆ ಹೋಗುವ ನಾಯಿ ಬೆಕ್ಕುಗಳು ಮೆಲ್ಬರ್ನ್ ಹತ್ತಿರದ ಮಿಕಲ್‌ಹ್ಯಾಮ್ ಕ್ವಾರಂಟೈನ್ ಕೇಂದ್ರದಲ್ಲಿ ಕನಿಷ್ಠ 10 ದಿನ ಇರಬೇಕಾಗುತ್ತದೆ. ಬ್ರಿಟನ್ನಿಗೆ ಹೋಗುವ ನಾಯಿಗೆ, ತಲುಪುವುದಕ್ಕೆ 24ರಿಂದ 120 ಗಂಟೆಗಳಷ್ಟು ಮೊದಲು, ಲಾಡಿಹುಳದ ಔಷಧಿಯನ್ನು ಪಶುವೈದ್ಯರೇ ಕೊಟ್ಟು ದಾಖಲಿಸಿರಬೇಕು. ಐರ್ಲೆಂಡ್, ಫಿನ್ಲೆಂಡ್, ಮಾಲ್ಟಾ ಮತ್ತು ನಾರ್ವೆಗಳೂ ಇದನ್ನೇ ಕೇಳುತ್ತವೆ. ಅಮೆರಿಕವು 2024ರ ಆಗಸ್ಟ್ 1ರಿಂದ ಆರು ತಿಂಗಳಿಗಿಂತ ಚಿಕ್ಕ ನಾಯಿಮರಿಯನ್ನು ಒಳಗೆ ಬಿಡುವುದಿಲ್ಲ. ಸ್ನೇಹಿತರು ಹೇಳಿದ್ದನ್ನಾಗಲಿ ವಿಮಾನಯಾನ ಸಂಸ್ಥೆಯ ದೂರವಾಣಿಯಲ್ಲಿ ಕೇಳಿದ್ದನ್ನಾಗಲಿ ನಂಬಿ ಕೂರದೆ, ತಲುಪುವ ದೇಶದ ಪಶು ಇಲಾಖೆಯ ಅಧಿಕೃತ ಪುಟವನ್ನೇ ಓದಿ. ದಾರಿಯಲ್ಲಿ ವಿಮಾನ ಬದಲಿಸುವುದಿದ್ದರೆ ಆ ನಡುವಿನ ದೇಶದ ನಿಯಮವನ್ನೂ ಓದಬೇಕು.

ಫೆಬ್ರವರಿ 7ರಂದು, ಲಸಿಕೆಯ 32ನೆಯ ದಿನ, ರಕ್ತ ತೆಗೆಸಿದೆ. ವೈದ್ಯರು 30ನೆಯ ದಿನಕ್ಕೇ ತೆಗೆಯಬಹುದೆಂದರು. ದಿನಗಳನ್ನು ಎಣಿಸುವಾಗ ಲಸಿಕೆಯ ದಿನವನ್ನು ಸೇರಿಸಬೇಕೋ ಬಿಡಬೇಕೋ ಎಂಬ ಗೊಂದಲದಲ್ಲಿ ಸಿಕ್ಕಿಬೀಳಬಾರದೆಂದು ನಾನೇ ಎರಡು ದಿನ ಹೆಚ್ಚು ಕಾದೆ. ರಕ್ತದಿಂದ ಬೇರ್ಪಡಿಸಿದ ಸೀರಮ್ ಅನ್ನು ತಂಪಾದ ಪೆಟ್ಟಿಗೆಯಲ್ಲಿ ಕೊರಿಯರ್ ಮೂಲಕ ಕಳುಹಿಸಿದ್ದಾಯಿತು. ಮಾರ್ಚ್ 5ರಂದು ಫಲಿತಾಂಶ ಬಂತು. ಪ್ರತಿಕಾಯದ ಮಟ್ಟ ಬೇಕಾದುದಕ್ಕಿಂತ ಬಹಳ ಮೇಲಿತ್ತು. ಆ ಸಂತೋಷದಲ್ಲಿ ವರದಿಯನ್ನು ಅಚ್ಚು ಹಾಕಿಸಿ ಕಡತಕ್ಕೆ ಸೇರಿಸಿಬಿಟ್ಟಿದ್ದೆ. ಮಾರನೆಯ ದಿನ ಪತಿ ಅದನ್ನು ಲಸಿಕೆ ಪುಸ್ತಕದ ಪಕ್ಕದಲ್ಲಿಟ್ಟು ಚಿಪ್ಪಿನ ಸಂಖ್ಯೆಯ ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಓದುತ್ತಾ ಹೋದರು. ಹನ್ನೊಂದನೆಯ ಅಂಕಿ ಬೇರೆಯಾಗಿತ್ತು. 3 ಇರಬೇಕಾದಲ್ಲಿ 8 ಇತ್ತು. ಅರ್ಜಿಯಲ್ಲಿ ಕೈಬರಹದ ಅಂಕಿಯನ್ನು ಪ್ರಯೋಗಾಲಯದವರು ತಪ್ಪಾಗಿ ಓದಿದ್ದರು. ಗಡಿಯಲ್ಲಿ ಯಂತ್ರ ಓದುವ ಸಂಖ್ಯೆಗೂ ವರದಿಯ ಸಂಖ್ಯೆಗೂ ಒಂದು ಅಂಕಿಯ ವ್ಯತ್ಯಾಸವಿದ್ದರೂ ಆ ವರದಿ ಬೇರೆ ನಾಯಿಯದೆಂದೇ ಅರ್ಥ. ತಿದ್ದಿದ ವರದಿಯನ್ನು ಪಡೆಯಲು ಒಂಬತ್ತು ದಿನ ಹಿಡಿಯಿತು. ಅದು ಮಾರ್ಚಿನಲ್ಲಿಯೇ ಕಣ್ಣಿಗೆ ಬಿದ್ದದ್ದು ನಮ್ಮ ಪುಣ್ಯ. ಚಿಪ್ಪಿನ ಜೊತೆ ಬರುವ ಬಾರ್‌ಕೋಡ್ ಚೀಟಿಗಳನ್ನು ಬಿಸಾಡದೆ ಇಟ್ಟುಕೊಂಡು, ಎಲ್ಲ ಅರ್ಜಿಗಳಿಗೂ ಅವನ್ನೇ ಅಂಟಿಸಿ, ಕೈಯಲ್ಲಿ ಬರೆಯಬೇಡಿ.

ಪತಿ ಹೋಗುವ ದಿನ ಸಮೀಪಿಸಿದಾಗ ನನಗೆ ಇನ್ನೊಂದು ನಿಯಮ ಕಣ್ಣಿಗೆ ಬಿತ್ತು. ಮಾರಾಟದ ಉದ್ದೇಶವಿಲ್ಲದ ಸಾಕುಪ್ರಾಣಿಯ ಪ್ರಯಾಣವೆಂದು ಒಕ್ಕೂಟ ಪರಿಗಣಿಸಬೇಕಾದರೆ, ಮಾಲೀಕರು ಪ್ರಯಾಣ ಮಾಡುವ ಹಿಂದಿನ ಅಥವಾ ಮುಂದಿನ ಐದು ದಿನಗಳ ಒಳಗೆ ಪ್ರಾಣಿಯೂ ಪ್ರಯಾಣ ಮಾಡಿರಬೇಕು. ಮಿಂಚುವಿನ ಪುಸ್ತಕದಲ್ಲಿಯೂ ಚಿಪ್ಪಿನ ನೋಂದಣಿಯಲ್ಲಿಯೂ ಮಾಲೀಕರೆಂದು ಇದ್ದದ್ದು ಪತಿಯ ಹೆಸರು. ಅವರು ಮಾರ್ಚಿನಲ್ಲಿಯೇ ಹೋಗಿ, ಅವಳು ಮೇ ತಿಂಗಳಲ್ಲಿ ಬಂದರೆ ಅವಳನ್ನು ವ್ಯಾಪಾರದ ಪ್ರಾಣಿಯಂತೆ, ಬೇರೆ ಪ್ರಮಾಣಪತ್ರ, ಬೇರೆ ತಪಾಸಣೆಗಳೊಂದಿಗೆ ತರಬೇಕಾಗುತ್ತಿತ್ತು. ಅವರು ಹೊರಡುವ ಮೊದಲು ನೋಂದಣಿಯನ್ನು ನನ್ನ ಹೆಸರಿಗೆ ಬದಲಿಸಿ, ಪುಸ್ತಕದಲ್ಲಿ ವೈದ್ಯರಿಂದ ಸಹಿ ಮತ್ತು ಮೊಹರು ಹಾಕಿಸಿದೆವು. ದಂಪತಿಗಳಲ್ಲಿ ಒಬ್ಬರು ಮುಂದೆ ಹೋಗುವುದು ಎಷ್ಟೋ ಮನೆಗಳಲ್ಲಿ ನಡೆಯುವ ಸಂಗತಿ. ಯಾರು ನಾಯಿಯೊಂದಿಗೆ ಹೊರಡುತ್ತಾರೋ ಅವರ ಹೆಸರೇ ಮೊದಲಿನಿಂದ ಎಲ್ಲ ಕಾಗದಗಳಲ್ಲಿಯೂ ಇರಲಿ.

ಇನ್ನು ವಿಮಾನದ ವಿಷಯ. ಸಾಕುಪ್ರಾಣಿ ಹೋಗುವ ದಾರಿಗಳು ಮೂರು. ಒಂದು, ಪ್ರಯಾಣಿಕರ ಕೋಣೆಯಲ್ಲಿ, ಮುಂದಿನ ಸೀಟಿನ ಕೆಳಗೆ ಇಡುವ ಮೆತ್ತನೆಯ ಚೀಲದಲ್ಲಿ. ಲುಫ್ತಾನ್ಸಾ, ಏರ್ ಫ್ರಾನ್ಸ್, ಕೆಎಲ್ಎಂ ಮುಂತಾದವು ಚೀಲವೂ ಸೇರಿ 8 ಕಿಲೋ ಮೀರದ ಪ್ರಾಣಿಗೆ ಇದನ್ನು ಒಪ್ಪುತ್ತವೆ. ಎರಡು, ಪ್ರಯಾಣಿಕರ ಹೆಚ್ಚುವರಿ ಸಾಮಾನಿನಂತೆ ಕೆಳಗಿನ ಕೋಣೆಯಲ್ಲಿ, ನಾವು ಹೋಗುವ ವಿಮಾನದಲ್ಲಿಯೇ. ಮೂರು, ಸರಕಿನಂತೆ, ಏರ್ ವೇಬಿಲ್ (ವಿಮಾನ ಸರಕಿನ ಸಾಗಣೆ ಪತ್ರ) ಮಾಡಿಸಿ, ಕಾರ್ಗೋ ಟರ್ಮಿನಲ್ ಮೂಲಕ. ಎರಡನೆಯದಕ್ಕೂ ಮೂರನೆಯದಕ್ಕೂ ಪ್ರಾಣಿ ಕೂರುವ ಜಾಗ ಒಂದೇ ಆಗಿರಬಹುದು, ಆದರೆ ದರದಲ್ಲಿ ಅಜಗಜಾಂತರ. ಹೆಚ್ಚುವರಿ ಸಾಮಾನಿಗೆ ಬಹುತೇಕ ಸಂಸ್ಥೆಗಳಲ್ಲಿ ಕ್ರೇಟಿನ, ಅಂದರೆ ಪ್ರಾಣಿಯನ್ನು ಇಡುವ ಗಟ್ಟಿ ಪಂಜರದ, ಗಾತ್ರವನ್ನೋ ತೂಕವನ್ನೋ ನೋಡಿ ಒಂದು ನಿಗದಿತ ಮೊತ್ತವಿರುತ್ತದೆ. ಸರಕಿಗೆ ಹಾಗಲ್ಲ. ಬ್ರಿಟನ್ ಮತ್ತು ಆಸ್ಟ್ರೇಲಿಯಾಗಳಿಗೆ ವಿಮಾನದಲ್ಲಿ ಹೋಗುವ ಸಾಕುಪ್ರಾಣಿಗಳಿಗೆ ಸರಕಿನ ದಾರಿಯೊಂದೇ ಇರುವುದು. ನಾವು ಹೋಗುವ ದೇಶ ಅಂಥದ್ದಲ್ಲದಿದ್ದರೂ ನಾವು ಆರಿಸಿದ ಸಂಸ್ಥೆ, ಕ್ರೇಟೂ ಸೇರಿ 32 ಕಿಲೋ ಮೀರಿದರೆ ಹೆಚ್ಚುವರಿ ಸಾಮಾನೆಂದು ಒಪ್ಪುತ್ತಿರಲಿಲ್ಲ. ಮಿಂಚು 24, ಕ್ರೇಟ್ 11, ಒಟ್ಟು 35 ಕಿಲೋ. ಮೂರು ಕಿಲೋ ಹೆಚ್ಚಾದುದರಿಂದ ಅವಳು ಸರಕಾದಳು.

ಸರಕಿನ ದರದ ಲೆಕ್ಕವನ್ನು ನಾನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ತತ್ತರಿಸುವುದು ಇಲ್ಲಿಯೇ. ವಿಮಾನದಲ್ಲಿ ತೂಕದಷ್ಟೇ ಜಾಗಕ್ಕೂ ಬೆಲೆಯಿದೆ. ಆದ್ದರಿಂದ ಕ್ರೇಟಿನ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸುತ್ತಾರೆ. ಬಂದದ್ದು ಗಾತ್ರದ ತೂಕ. ನಿಜವಾದ ತೂಕ ಮತ್ತು ಗಾತ್ರದ ತೂಕಗಳಲ್ಲಿ ಯಾವುದು ಹೆಚ್ಚೋ ಅದಕ್ಕೆ ಕಿಲೋ ಲೆಕ್ಕದಲ್ಲಿ ಹಣ. ನಮ್ಮ ಕ್ರೇಟ್ 102 ಉದ್ದ, 69 ಅಗಲ, 76 ಎತ್ತರ. ಗುಣಿಸಿ ಭಾಗಿಸಿದರೆ 89 ಕಿಲೋ ದಾಟುತ್ತದೆ. 35 ಕಿಲೋ ತೂಗುವ ನಾಯಿಗೂ ಪಂಜರಕ್ಕೂ ನಾನು 89.5 ಕಿಲೋಗೆ ಹಣ ಕಟ್ಟಿದೆ. ಒಂದು ಅಳತೆ ಚಿಕ್ಕದಾದ, 91, 64, 69ರ ಕ್ರೇಟ್ ಆಗಿದ್ದರೆ 67 ಕಿಲೋಗೆ ಮುಗಿಯುತ್ತಿತ್ತು. ಹಾಗೆಂದು ಚಿಕ್ಕದನ್ನು ಕೊಳ್ಳುವ ಯೋಚನೆಯನ್ನು ಯಾರೂ ಮಾಡಬಾರದು. ಅದು ಪ್ರಾಣಿಗೆ ಹಿಂಸೆ, ಮತ್ತು ಟರ್ಮಿನಲ್ಲಿನಲ್ಲಿ ಅಳತೆ ಹಿಡಿದು ತಿರಸ್ಕರಿಸುತ್ತಾರೆ.

ಅಳತೆಯ ನಿಯಮ ಅಂತರರಾಷ್ಟ್ರೀಯ ವಿಮಾನ ಸಾರಿಗೆ ಸಂಘ, ಅಂದರೆ ಐಯಾಟಾ, ಪ್ರತಿವರ್ಷ ಹೊರಡಿಸುವ ಜೀವಂತ ಪ್ರಾಣಿಗಳ ನಿಯಮಾವಳಿಯಲ್ಲಿದೆ. ಮೂಗಿನ ತುದಿಯಿಂದ ಬಾಲದ ಬುಡದವರೆಗಿನ ಅಳತೆಗೆ, ನೆಲದಿಂದ ಮುಂಗಾಲಿನ ಮೊಣಕೈವರೆಗಿನ ಎತ್ತರದ ಅರ್ಧವನ್ನು ಕೂಡಿಸಿದರೆ ಕ್ರೇಟಿನ ಒಳ ಉದ್ದ. ಭುಜದ ಅಗಲದ ಎರಡರಷ್ಟು ಒಳ ಅಗಲ. ನಿಂತಾಗ ತಲೆ ಅಥವಾ ಕಿವಿಯ ತುದಿ, ಯಾವುದು ಎತ್ತರವೋ ಅದಕ್ಕೆ ಹಾಸಿಗೆಯ ದಪ್ಪವನ್ನು ಸೇರಿಸಿದರೆ ಒಳ ಎತ್ತರ. ಪಗ್, ಬುಲ್‌ಡಾಗ್‌ನಂತಹ ಚಪ್ಪಟೆ ಮೂತಿಯ ತಳಿಗಳಿಗೆ ಇದಕ್ಕಿಂತ ಶೇಕಡಾ 10ರಷ್ಟು ದೊಡ್ಡದು ಬೇಕು. ಇಂತಹ ತಳಿಗಳ ನಾಯಿ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಮೊದಲು ಪಶುವೈದ್ಯರೊಡನೆ ಮಾತಾಡಿ. ಅಮೆರಿಕದ ಸಾರಿಗೆ ಇಲಾಖೆ 2005ರಿಂದ 2010ರವರೆಗಿನ ವಿಮಾನಯಾನದಲ್ಲಿ ಸತ್ತ ಶುದ್ಧ ತಳಿಯ ನಾಯಿಗಳನ್ನು ಲೆಕ್ಕ ಹಾಕಿದಾಗ ಅವುಗಳಲ್ಲಿ ಸುಮಾರು ಅರ್ಧ ಈ ಚಪ್ಪಟೆ ಮೂತಿಯವಾಗಿದ್ದವು. ಶಾಖದಲ್ಲಿ, ಆತಂಕದಲ್ಲಿ ಅವುಗಳಿಗೆ ಉಸಿರು ಸಾಲುವುದಿಲ್ಲ. ಹಲವು ಸಂಸ್ಥೆಗಳು ಅವನ್ನು ಕೆಳಗಿನ ಕೋಣೆಯಲ್ಲಿ ಒಯ್ಯಲು ಒಪ್ಪುವುದೇ ಇಲ್ಲ, ಮತ್ತು ಆ ನಿರಾಕರಣೆ ನ್ಯಾಯವಾದದ್ದೆಂದು ನನಗನಿಸುತ್ತದೆ.

ಕ್ರೇಟನ್ನು ಮಾರ್ಚಿನಲ್ಲಿಯೇ ತಂದು, ಬಾಗಿಲು ಕಳಚಿ, ಮಿಂಚು ಮಲಗುವ ಮೂಲೆಯಲ್ಲಿಟ್ಟೆ. ಮೊದಲ ವಾರ ಅವಳು ಅದರ ಸುತ್ತ ಮೂಸಿ ದೂರ ಹೋಗುತ್ತಿದ್ದಳು. ಊಟದ ತಟ್ಟೆಯನ್ನು ದಿನಕ್ಕೊಂದು ಗೇಣಿನಂತೆ ಒಳಗೆ ಸರಿಸುತ್ತಾ, ನನ್ನ ಹಳೆಯ ಹೊದಿಕೆಯೊಂದನ್ನು ಹಾಸಿ, ಮೂರನೆಯ ವಾರ ಬಾಗಿಲನ್ನು ಮತ್ತೆ ಜೋಡಿಸಿ ಒಂದು ನಿಮಿಷ ಮುಚ್ಚಿದೆ. ಏಪ್ರಿಲ್ ಕೊನೆಯ ಹೊತ್ತಿಗೆ ಅವಳು ರಾತ್ರಿಯಿಡೀ ಬಾಗಿಲು ಮುಚ್ಚಿದ ಕ್ರೇಟಿನಲ್ಲಿ ಗೊರಕೆ ಹೊಡೆಯುತ್ತಿದ್ದಳು. ಈ ಎರಡು ತಿಂಗಳ ಅಭ್ಯಾಸಕ್ಕೆ ಒಂದು ಪೈಸೆಯೂ ಖರ್ಚಾಗಲಿಲ್ಲ, ಆದರೆ ನಾವು ಮಾಡಿದ ಎಲ್ಲ ಸಿದ್ಧತೆಗಳಲ್ಲಿ ಅವಳಿಗೆ ನಿಜವಾಗಿ ನೆರವಾದದ್ದು ಇದೇ. ನಿದ್ರೆಯ ಔಷಧಿ ಕೊಟ್ಟು ಕಳುಹಿಸಬಾರದೇ ಎಂದು ಹಲವರು ಕೇಳಿದರು. ಕೊಡಲೇಬಾರದು. ಅಂತಹ ಔಷಧಿಗಳು ರಕ್ತದೊತ್ತಡವನ್ನೂ ಉಸಿರಾಟವನ್ನೂ ಇಳಿಸುತ್ತವೆ, ದೇಹದ ಶಾಖ ಮತ್ತು ಸಮತೋಲ ಕಾಪಾಡಿಕೊಳ್ಳುವ ಶಕ್ತಿಯನ್ನು ಕುಂದಿಸುತ್ತವೆ. ಎತ್ತರದಲ್ಲಿ ಗಮನಿಸಲು ಯಾರೂ ಇರುವುದಿಲ್ಲ. ಮಂಪರಿನಲ್ಲಿರುವ ಪ್ರಾಣಿಯನ್ನು ವಿಮಾನಯಾನ ಸಂಸ್ಥೆಗಳು ಸಾಮಾನ್ಯವಾಗಿ ಹತ್ತಿಸಿಕೊಳ್ಳುವುದೂ ಇಲ್ಲ.

ಪ್ರಯಾಣವನ್ನು ಮೇ 19ಕ್ಕೆ ಗೊತ್ತುಮಾಡಿದೆ. ನೇರ ವಿಮಾನವೇ ಬೇಕೆಂದು ಹಟ ಹಿಡಿದಿದ್ದೆ. ನಡುವೆ ಬದಲಾಯಿಸುವ ಅಗ್ಗದ ಮಾರ್ಗಗಳಿದ್ದರೂ, ಬಿಸಿಲಿನ ಡಾಂಬರಿನ ಮೇಲೆ ಕ್ರೇಟ್ ಕಾಯುವ ಸಂದರ್ಭ ಒಂದಾದರೂ ಕಡಿಮೆಯಾಗಲಿ ಎಂಬುದು ನನ್ನ ಆಸೆ. ಮೊದಲು ಮಿಂಚುವಿನ ಜಾಗವನ್ನು ಖಚಿತಪಡಿಸಿಕೊಂಡು ಆಮೇಲೆ ನನ್ನ ಟಿಕೆಟ್ ಕೊಂಡೆ. ಒಂದು ವಿಮಾನದಲ್ಲಿ ಒಯ್ಯುವ ಪ್ರಾಣಿಗಳ ಸಂಖ್ಯೆಗೆ ಮಿತಿಯಿರುವುದರಿಂದ ಈ ಕ್ರಮವೂ ತಪ್ಪಬಾರದು. ಜೂನ್ ಆರಂಭದಿಂದ ಬೇಸಿಗೆ ಮುಗಿಯುವವರೆಗೆ ಆ ಮಾರ್ಗದಲ್ಲಿ ಪ್ರಾಣಿಗಳನ್ನು ಒಪ್ಪುವುದಿಲ್ಲವೆಂದು ವಿಮಾನ ಸಂಸ್ಥೆಯವರು ಬರಹದಲ್ಲಿ ತಿಳಿಸಿದ್ದರು.

ಒಕ್ಕೂಟದ ಆರೋಗ್ಯ ಪ್ರಮಾಣಪತ್ರಕ್ಕೆ ಸರ್ಕಾರಿ ಪಶುವೈದ್ಯಾಧಿಕಾರಿ ಸಹಿ ಹಾಕಿದ ದಿನದಿಂದ ಪ್ರವೇಶದ ತಪಾಸಣೆಯವರೆಗೆ ಹತ್ತು ದಿನಗಳ ಆಯುಷ್ಯ. ಮೇ 13ರಂದು ಸಹಿಯಾಯಿತು. ಕಚೇರಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಾದೆ. ಪ್ರತಿ ಪುಟದಲ್ಲಿಯೂ ಮೊಹರು ಇದೆಯೇ, ಅನ್ವಯಿಸದ ಸಾಲುಗಳನ್ನು ಹೊಡೆದುಹಾಕಿ ಚಿಕ್ಕ ಸಹಿ ಮಾಡಿದ್ದಾರೆಯೇ ಎಂದು ಅಲ್ಲಿಯೇ ಕುಳಿತು ನೋಡಿದೆ. ಮೂರು ದಿನಗಳ ನಂತರ, ಮೇ 16ರ ಸಂಜೆ, ಸರಕು ವಿಭಾಗದಿಂದ ಸಂದೇಶ ಬಂತು: 19ರಂದು ಹೋಗುವ ವಿಮಾನದ ಮಾದರಿ ಬದಲಾಗಿದೆ, ಹೊಸ ವಿಮಾನದ ಕೆಳಕೋಣೆಯಲ್ಲಿ ಪ್ರಾಣಿಗಳಿಗೆ ಬೇಕಾದ ತಾಪಮಾನದ ವ್ಯವಸ್ಥೆ ಇಲ್ಲ, ಮುಂದಿನ ಅವಕಾಶ 24ಕ್ಕೆ. ಮೇ 13ಕ್ಕೂ 24ಕ್ಕೂ ಹನ್ನೊಂದು ದಿನ. ಪ್ರಮಾಣಪತ್ರ ಒಂದು ದಿನದಿಂದ ಸತ್ತುಹೋಯಿತು.

ನಾನು ಅತ್ತದ್ದು ಅಂದೇ. ಮನೆ ಖಾಲಿ ಮಾಡಿ ಪರಿಚಿತರ ಮನೆಯ ಒಂದು ಕೋಣೆಯಲ್ಲಿ ಅವಳೊಂದಿಗೆ ಇದ್ದೆ, ಪತಿ ದೂರದಲ್ಲಿದ್ದರು, ಜೂನ್ ಬಾಗಿಲಲ್ಲಿ ನಿಂತಿತ್ತು. 24 ತಪ್ಪಿದರೆ ಬೇಸಿಗೆಯಿಡೀ ಕಾಯಬೇಕಿತ್ತು. ವಿಮಾನ ಬದಲಾದುದಕ್ಕೆ ಸಂಸ್ಥೆಯವರು ನನ್ನ ಟಿಕೆಟ್ ದಿನಾಂಕವನ್ನು ಶುಲ್ಕವಿಲ್ಲದೆ ಬದಲಿಸಿದರು, ಆದರೆ ಹೊಸ ಪ್ರಮಾಣಪತ್ರದ ಖರ್ಚು ನನ್ನದೇ. ಮತ್ತೆ ವೈದ್ಯರ ತಪಾಸಣೆ, ಮತ್ತೆ ಅರ್ಜಿ, ಮತ್ತೆ ಅದೇ ಬೆಂಚು. 21ರಂದು ಎರಡನೆಯ ಬಾರಿ ಸಹಿಯಾಯಿತು. ಈಗ ಯೋಚಿಸಿದರೆ, ಮೊದಲನೆಯ ಸಹಿಯನ್ನು ಪ್ರಯಾಣಕ್ಕೆ ಆರು ದಿನ ಮೊದಲು ಪಡೆದದ್ದೇ ನನ್ನ ತಪ್ಪು. ಬೇಗ ಮುಗಿಸಿಕೊಂಡರೆ ಮನಸ್ಸಿಗೆ ನಿರಾಳವೆಂದುಕೊಂಡಿದ್ದೆ. ಮೂರು ದಿನ ಮೊದಲು ಪಡೆದಿದ್ದರೆ, 24ರ ಪ್ರಯಾಣಕ್ಕೂ ಅದೇ ಪತ್ರ ಸಾಕಾಗುತ್ತಿತ್ತು. ನಿಮ್ಮ ಕಚೇರಿಯ ವೇಗ ನೋಡಿಕೊಂಡು, ಆದಷ್ಟೂ ಹೊರಡುವ ದಿನದ ಹತ್ತಿರಕ್ಕೆ ಈ ಸಹಿಯನ್ನು ಇಟ್ಟುಕೊಳ್ಳಿ.

24ರ ರಾತ್ರಿಯ ವಿಮಾನಕ್ಕೆ ಐದು ಗಂಟೆ ಮೊದಲು ಕಾರ್ಗೋ ಟರ್ಮಿನಲ್ಲಿಗೆ ತಲುಪಿದೆವು. ಅದಕ್ಕೂ ಐದು ಗಂಟೆ ಮೊದಲು ಅವಳಿಗೆ ಹಗುರವಾದ ಊಟ ಹಾಕಿ, ದಾರಿಯಲ್ಲಿ ಬಹಳ ಹೊತ್ತು ನಡೆಸಿದ್ದೆ. ಅಲ್ಲಿನ ಸಿಬ್ಬಂದಿ ಪಟ್ಟಿಯೊಂದನ್ನು ಹಿಡಿದು ಪರೀಕ್ಷೆಗೆ ತೊಡಗಿದರು. ಆ ಪಟ್ಟಿಯಲ್ಲಿ ಒಂದು ಪ್ರಶ್ನೆಗೆ ಇಲ್ಲವೆಂಬ ಉತ್ತರ ಬಂದರೂ ಪ್ರಾಣಿಯನ್ನು ಒಪ್ಪಿಕೊಳ್ಳುವಂತಿಲ್ಲ. ನಾಲ್ಕೂ ಬದಿಗೆ ಗಾಳಿಕಿಂಡಿ, ಹೊರಗಿನಿಂದಲೇ ತುಂಬಿಸಬಹುದಾದ ಎರಡು ಬಟ್ಟಲು, ಹೀರುವ ಹಾಸಿಗೆ, ಎರಡೂವರೆ ಸೆಂಟಿಮೀಟರಿಗಿಂತ ಚಿಕ್ಕದಲ್ಲದ ಅಕ್ಷರಗಳ 'ಜೀವಂತ ಪ್ರಾಣಿ' ಚೀಟಿ, ಮೇಲ್ಭಾಗ ತೋರುವ ಬಾಣಗಳು, ಎಲ್ಲವೂ ಸರಿಯಿದ್ದವು. ಅನಂತರ ಅವರಲ್ಲೊಬ್ಬರು ಕ್ರೇಟಿನ ಮೇಲಿನ ಮತ್ತು ಕೆಳಗಿನ ಭಾಗಗಳನ್ನು ಸೇರಿಸುವ ಜಾಗವನ್ನು ಬೆರಳಿನಿಂದ ತಟ್ಟಿ, "ಮೇಡಂ, ಈ ಬೋಲ್ಟುಗಳು ಪ್ಲಾಸ್ಟಿಕ್ಕಿನವು. ಲೋಹದ್ದೇ ಆಗಬೇಕು" ಎಂದರು. ಕ್ರೇಟಿನೊಂದಿಗೆ ಬಂದದ್ದು ಅವೇ. ಡಬ್ಬದ ಮೇಲೆ ವಿಮಾನಕ್ಕೆ ಒಪ್ಪಿತವೆಂದು ಬರೆದಿತ್ತು. ಅದೃಷ್ಟಕ್ಕೆ ನನ್ನನ್ನು ಬಿಡಲು ಬಂದಿದ್ದ ಸ್ನೇಹಿತೆ, ಟರ್ಮಿನಲ್ಲಿನ ಹೊರಗೆ ಸಾಮಾನು ಕಟ್ಟುವವರ ಬಳಿ ಹುಡುಕಿ ಉಕ್ಕಿನ ಬೋಲ್ಟು ನಟ್ಟುಗಳನ್ನು ತಂದಳು. ನಲವತ್ತು ನಿಮಿಷ ಅದರಲ್ಲಿ ಹೋಯಿತು. ಬೇಗ ಹೋಗಿದ್ದುದರಿಂದ ಉಳಿದೆವು.

ಭದ್ರತಾ ತಪಾಸಣೆಗೆ ಮಿಂಚುವನ್ನು ಹೊರಗೆ ಕರೆದು, ಖಾಲಿ ಕ್ರೇಟನ್ನು ಎಕ್ಸ್‌ರೇ ಯಂತ್ರದೊಳಗೆ ಕಳುಹಿಸಿದರು. ಆ ಗದ್ದಲದಲ್ಲಿ ಕುತ್ತಿಗೆ ಪಟ್ಟಿಯೂ ಹಗ್ಗವೂ ಕೈಯಲ್ಲಿರುವುದು ಬಹಳ ಮುಖ್ಯ. ಹಿಂದಿನ ರಾತ್ರಿ ಫ್ರೀಜರಿನಲ್ಲಿಟ್ಟು ಹೆಪ್ಪುಗಟ್ಟಿಸಿದ್ದ ನೀರಿನ ಬಟ್ಟಲನ್ನು ಬಾಗಿಲಿಗೆ ಸಿಕ್ಕಿಸಿದೆ. ಎತ್ತಿಳಿಸುವಾಗ ಚೆಲ್ಲುವುದಿಲ್ಲ, ಆಮೇಲೆ ನಿಧಾನವಾಗಿ ಕರಗುತ್ತದೆ. ಅವಳು ತಾನಾಗಿಯೇ ಒಳಗೆ ಹೋಗಿ, ಒಂದು ಸುತ್ತು ತಿರುಗಿ, ಮಲಗಿ ನನ್ನನ್ನೇ ನೋಡಿದಳು. ಆ ನೋಟವನ್ನು ಇಡೀ ರಾತ್ರಿ ಹೊತ್ತುಕೊಂಡು ಕುಳಿತಿದ್ದೆ. ವಿಮಾನ ಹತ್ತಿದ ಕೂಡಲೇ ಗಗನಸಖಿಗೆ ಕೆಳಗೆ ನನ್ನ ನಾಯಿ ಇದೆಯೆಂದು ಹೇಳಿದೆ. ಜೀವಂತ ಪ್ರಾಣಿ ಇರುವ ವಿಷಯವನ್ನು ಕ್ಯಾಪ್ಟನ್‌ಗೆ ಬರಹದಲ್ಲಿ ತಿಳಿಸುವ ಪದ್ಧತಿಯಿದೆ. ಆಕೆ ಒಳಗೆ ಹೋಗಿ ಕೇಳಿಕೊಂಡು ಬಂದು, "ಅವರಿಗೆ ಗೊತ್ತಿದೆ, ಕೋಣೆಯ ತಾಪಮಾನ ಸರಿಯಾಗಿದೆ" ಎಂದಾಗ ಮೊದಲ ಸಲ ಬೆನ್ನನ್ನು ಸೀಟಿಗೆ ಒರಗಿಸಿದೆ.

ಇಳಿದ ಮೇಲೆ ಪ್ರಯಾಣಿಕರ ದ್ವಾರದಲ್ಲಿ ಅವಳು ಸಿಗುವುದಿಲ್ಲ. ಸರಕು ವಿಭಾಗದಲ್ಲಿ ಮೊದಲು ಪಶುವೈದ್ಯ ತಪಾಸಣೆ, ಆಮೇಲೆ ಕಸ್ಟಮ್ಸ್. ವೈದ್ಯೆ ಚಿಪ್ ಓದಿ, ಪುಸ್ತಕ, ಟೈಟರ್ ವರದಿ, ಪ್ರಮಾಣಪತ್ರ ಮೂರನ್ನೂ ಸಾಲಾಗಿಟ್ಟು ಅಂಕಿಗಳನ್ನು ಹೋಲಿಸಿದರು. ಹನ್ನೊಂದನೆಯ ಅಂಕಿಗೆ ಬಂದಾಗ ನನ್ನ ಎದೆ ಬಡಿದುಕೊಳ್ಳುತ್ತಿತ್ತು. ಕಸ್ಟಮ್ಸ್‌ನಲ್ಲಿ ಅವಳು ಕೊಂಡು ತಂದ ಪ್ರಾಣಿಯಲ್ಲ, ಮನೆ ಬದಲಿಸುವಾಗ ಜೊತೆಗೆ ಬಂದವಳು ಎಂದು ತೋರಿಸಬೇಕಾಯಿತು. ವಾಸಸ್ಥಳ ಬದಲಿಸುವವರ ಸ್ವಂತ ವಸ್ತುಗಳಿಗೆ ಸುಂಕ ವಿನಾಯಿತಿ ಕೊಡುವ ಒಕ್ಕೂಟದ ನಿಯಮದಲ್ಲಿ ಸಾಕುಪ್ರಾಣಿಗಳೂ ಸೇರಿವೆ. ಆರು ತಿಂಗಳಿಗಿಂತ ಹಳೆಯ ಒಡೆತನಕ್ಕೆ ಪುರಾವೆ ಬೇಕು. ಆರು ವರ್ಷದ ಲಸಿಕೆ ಪುಸ್ತಕ ಇಲ್ಲಿ ಕೆಲಸಕ್ಕೆ ಬಂತು. ಹಳೆಯ ಪುಸ್ತಕ ತುಂಬಿತೆಂದು ಎಸೆಯಬೇಡಿ. ಇಳಿದು ಮೂರೂವರೆ ಗಂಟೆಯ ಮೇಲೆ ಕ್ರೇಟ್ ಹೊರಬಂತು. ಹಾಸಿಗೆ ಒದ್ದೆಯಾಗಿತ್ತು, ಬಟ್ಟಲು ಖಾಲಿಯಾಗಿತ್ತು. ಪತಿಯ ದನಿ ಕೇಳಿದ ಕ್ಷಣ ಅವಳು ಮಾಡಿದ ಸದ್ದು ಬೊಗಳುವಿಕೆಯೂ ಅಲ್ಲ, ಅಳುವೂ ಅಲ್ಲ.

ಖರ್ಚನ್ನು ಹಣದಲ್ಲಿ ಹೇಳಿದರೆ ಊರಿಂದ ಊರಿಗೆ, ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗುವುದರಿಂದ ಭಾಗಗಳಲ್ಲಿ ಹೇಳುತ್ತೇನೆ. ಒಟ್ಟು ಖರ್ಚನ್ನು ನೂರು ಎಂದುಕೊಂಡರೆ ವಿಮಾನದ ಸರಕು ದರವೇ 52. ಎರಡೂ ಕಡೆಯ ಟರ್ಮಿನಲ್ ಶುಲ್ಕ, ಏರ್ ವೇಬಿಲ್, ಕಸ್ಟಮ್ಸ್ ಕೆಲಸಗಳಿಗೆ 16. ಕ್ರೇಟಿಗೆ 12. ಟೈಟರ್ ಪರೀಕ್ಷೆ ಮತ್ತು ಅದರ ಕೊರಿಯರಿಗೆ 9. ಎರಡು ಸಲದ ಪ್ರಮಾಣಪತ್ರಕ್ಕೆ 7. ಚಿಪ್, ಲಸಿಕೆ, ವೈದ್ಯರ ಭೇಟಿಗಳೆಲ್ಲ ಸೇರಿ 4. ಒಟ್ಟು ಮೊತ್ತ ನನ್ನ ಒಂದು ಕಡೆಯ ಟಿಕೆಟ್ಟಿನ ನಾಲ್ಕು ಪಟ್ಟಿಗೆ ಹತ್ತಿರ. ನಮ್ಮನ್ನು ಒಂದು ತಿಂಗಳು ಹೆಚ್ಚು ಕಾಯಿಸಿದ ಚಿಪ್ಪಿನ ಪಾಲು ಆ ಕೊನೆಯ ನಾಲ್ಕರಲ್ಲಿಯೂ ಒಂದು ಚಿಕ್ಕ ತುಣುಕು. ಎಲ್ಲವನ್ನೂ ಸಾಕುಪ್ರಾಣಿ ಸಾಗಣೆಯ ಏಜೆಂಟರಿಗೆ ಒಪ್ಪಿಸಬಹುದಿತ್ತು. ಅವರ ಶುಲ್ಕ ಇದರ ಮೇಲೆ ಸೇರುತ್ತದೆ. ಸಮಯವಿಲ್ಲದವರಿಗೆ ಅದೇ ಸರಿಯಾದ ದಾರಿ, ಮತ್ತು ಕೆಲವು ಸಂಸ್ಥೆಗಳು ಏಜೆಂಟರ ಮೂಲಕ ಬಂದ ಪ್ರಾಣಿಯನ್ನು ಮಾತ್ರ ಸರಕಾಗಿ ಒಪ್ಪುತ್ತವೆ. ಆದರೆ ಏಜೆಂಟರಿದ್ದರೂ ಅಂಕಿಗಳನ್ನೂ ದಿನಾಂಕಗಳನ್ನೂ ನೀವೇ ಒಮ್ಮೆ ಗಟ್ಟಿಯಾಗಿ ಓದಿ ನೋಡಿ.

ಬಂದ ಮೂರನೆಯ ದಿನ ಇಲ್ಲಿನ ಪಶುವೈದ್ಯರ ಬಳಿ ಹೋಗಿ ಚಿಪ್ಪನ್ನು ಈ ದೇಶದ ನೋಂದಣಿಗೆ ಸೇರಿಸಿ, ಮಿಂಚುವಿಗೆ ಯುರೋಪಿನ ಸಾಕುಪ್ರಾಣಿ ಪಾಸ್‌ಪೋರ್ಟ್ ಮಾಡಿಸಿದೆವು. ರೇಬೀಸ್ ಲಸಿಕೆಯನ್ನು ಅವಧಿಯೊಳಗೆ ತಪ್ಪದೆ ಹಾಕಿಸುತ್ತಾ ಹೋದರೆ ಟೈಟರ್ ವರದಿ ಅವಳ ಆಯುಷ್ಯಪೂರ್ತಿ ಸಲ್ಲುತ್ತದೆ. ಒಂದು ದಿನ ತಡವಾದರೂ ಮತ್ತೆ ಲಸಿಕೆ, ಮತ್ತೆ ಮೂವತ್ತು ದಿನ, ಮತ್ತೆ ರಕ್ತ, ಮತ್ತೆ ಮೂರು ತಿಂಗಳು. ಹಾಗಾಗಿ ಮುಂದಿನ ಲಸಿಕೆಯ ಕೊನೆಯ ದಿನವಾದ ಜನವರಿ 5ರ ಬದಲು ಡಿಸೆಂಬರ್ 5ಕ್ಕೆ ಈಗಲೇ ಹೆಸರು ಬರೆಸಿ ಬಂದಿದ್ದೇವೆ.